ಮೊರಬಂಡೆಯಿಂದ ಯಾರೂ ಏಳಲಿಲ್ಲ

ಭಾನುವಾರ ಬಂತೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊಮ್ಮಕ್ಕಳು ಬೆಳಿಗ್ಗೆಯೇ ಶುರುಮಾಡುತ್ತವೆ: ಎಲ್ಲಾದರೂ ಹೊಳೆ ಹತ್ತಿರ ಹೋಗಿ ಊಟ ಮಾಡಿಕೊಂಡು ಬರೋಣ, ನೀನೂ ಬಾ ಅಜ್ಜಿ. ನೀವು ಹೋಗಿ, ನಾನು ಬರುವುದಿಲ್ಲ ಎನ್ನುತ್ತೇನೆ. ಅಜ್ಜಿಗೆ ಮಂಡಿ ನೋವು ಎಂದು ಅವು ತಿಳಿದುಕೊಂಡಿವೆ. ನನ್ನ ಮಂಡಿಗೆ ಏನೂ ಆಗಿಲ್ಲ, ಕಲ್ಲುಗುಂಡಿನಂತೆ ಇದ್ದೇನೆ. ಹೊಳೆ ಹತ್ತಿರ ಹೋಗಿ ಊಟ ಮಾಡುವ ಜನ ಒಂದು ಊರಿಗೆ ಏನು ಮಾಡಬಲ್ಲರು ಎನ್ನುವುದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ಹೋಗುವುದಿಲ್ಲ.

ನಾನು ಹುಟ್ಟಿದ್ದು ಹುಣಸೂರಿನ ಆಚೆಯ ಒಣ ಬಯಲಿನಲ್ಲಿ. ಅಲ್ಲಿ ಕೆರೆ ಬಿಟ್ಟರೆ ಬೇರೆ ನೀರಿಲ್ಲ. ಮೀನಿನ ಸಾರು ಎಂದರೆ ಅದರಲ್ಲಿ ಕೆಸರಿನ ವಾಸನೆ ಇದ್ದೇ ಇರುತ್ತದೆ ಎಂದು ನಂಬಿ ಬೆಳೆದವಳು. ಐವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಕೃಷ್ಣರಾಜನಗರದ ಕಡೆ, ಕಾವೇರಿ ದಂಡೆಯ ಊರಿಗೆ ಸೊಸೆಯಾಗಿ ಬಂದೆ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಗಂಡ, ನಾನು, ಮಾವ. ನಾನು ಬಂದ ವಾರದಲ್ಲೇ ಮಾವ ಹೊಳೆಯಿಂದ ಒಂದು ಮೀನು ತಂದು ಹಿತ್ತಿಲ ಕಲ್ಲಿನ ಮೇಲಿಟ್ಟು, ಇದಕ್ಕೆ ಹುಣಸೆಹಣ್ಣು ಜಾಸ್ತಿ ಹಾಕಬೇಡ, ಹುಳಿ ಹಾಕಿ ಮುಚ್ಚುವಂಥ ವಾಸನೆ ಈ ಮೀನಿಗಿಲ್ಲ ಎಂದರು. ಬಿಳಿಮೀನು ಅದು. ಮುದ್ದೆಯ ಜೊತೆ ಆ ಸಾರು ಉಂಡ ಮೇಲೆ ನನ್ನ ತವರಿನವರ ಮೇಲೆ ನನಗೆ ನಿಜವಾಗಿ ಕನಿಕರವಾಯಿತು.

ಊರಿನ ಕೆಳಗೆ ಹೊಳೆ ಬಾಗುವ ಕಡೆ ಒಂದು ಮಡು ಇತ್ತು. ಬೇಸಿಗೆಯಲ್ಲಿ ಹೊಳೆಯ ಉಳಿದ ಕಡೆಯೆಲ್ಲ ನೀರು ಮೊಣಕಾಲಿಗೆ ಇಳಿದರೂ ಮಡುವಿನಲ್ಲಿ ಮಾತ್ರ ತಳ ಕಾಣುತ್ತಿರಲಿಲ್ಲ. ಸುತ್ತಲಿನ ಬಿಳಿಮೀನೆಲ್ಲ ಬಂದು ಅಲ್ಲೇ ಸೇರಿಕೊಳ್ಳುತ್ತಿತ್ತು. ಈ ದಂಡೆಯಿಂದ ಒಂದು ಚಪ್ಪಟೆ ಬಂಡೆ ಮಡುವಿನ ಮೇಲಕ್ಕೆ ಚಾಚಿಕೊಂಡಿತ್ತು. ಮೊರದ ಆಕಾರ, ಹಾಗಾಗಿ ಮೊರಬಂಡೆ. ಅದರ ತುದಿಯಲ್ಲಿ ಕೂತು ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಬಿಟ್ಟರೆ ಮಾತ್ರ ಆಳಕ್ಕೆ ಹೋಗುತ್ತಿತ್ತು. ಬೇರೆಲ್ಲಿ ಬಿಟ್ಟರೂ ಕಾಲಹರಣ. ಒಬ್ಬರು ಕೂತರೆ ಸರಿ, ಇಬ್ಬರು ಕೂತರೆ ದಾರಕ್ಕೆ ದಾರ ಸಿಕ್ಕಿಕೊಳ್ಳುತ್ತಿತ್ತು.

ಊರಿಗೆಲ್ಲ ಒಂದೇ ಬಂಡೆ. ಆದರೂ ಅದಕ್ಕಾಗಿ ಜಗಳವಾಗಿದ್ದನ್ನು ಯಾರೂ ಕಂಡಿರಲಿಲ್ಲ. ಏಕೆಂದರೆ ಕೂರುವುದು ಮಾತ್ರವಲ್ಲ, ಏಳುವುದೂ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಯ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು ಸಿಕ್ಕಿದ ಕೂಡಲೇ ಕೂತವನು ಏಳಬೇಕು. ಎದ್ದು, ಬಂಡೆಗೆ ಎರಡು ಬೊಗಸೆ ನೀರು ಚೆಲ್ಲಿ ತೊಳೆದು ಹೋಗಬೇಕು. ಮೀನು ಸಿಗದಿದ್ದರೂ ಬೇರೊಬ್ಬ ಬಂದು ಬೆನ್ನ ಹಿಂದೆ ನಿಂತರೆ, ಸ್ವಲ್ಪ ಹೊತ್ತು ನೋಡಿ ಅವನಿಗೆ ಬಿಟ್ಟುಕೊಡಬೇಕು. ನಿಂತವನು ಬಾಯಿಬಿಟ್ಟು ಏಳು ಎನ್ನಬಾರದು. ನಿಂತದ್ದೇ ಕೇಳಿದ ಹಾಗೆ.

ಬಸುರಿ ಇರುವ ಮನೆಯವರಿಗೆ ಕಾಯುವ ಕೆಲಸವೇ ಇರಲಿಲ್ಲ. ಬಸುರಿ ಹೆಂಗಸು ಮೀನಿಗೆ ಆಸೆಪಟ್ಟಿದ್ದಾಳೆ ಎಂದು ಗೊತ್ತಾದರೆ ಮೀನು ಕಚ್ಚುತ್ತಿದ್ದರೂ ಎದ್ದು ಜಾಗ ಬಿಡುತ್ತಿದ್ದರು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಭಯ ನಮ್ಮ ಕಡೆಯೆಲ್ಲ ಉಂಟಲ್ಲ. ಆ ಮೀನನ್ನು ಬಸುರಿಯ ಮನೆಯವರೇ ಹಿಡಿದು ತರಬೇಕು, ಇನ್ನೊಬ್ಬರ ಕೈಯಿಂದ ಈಸಿಕೊಂಡ ಮೀನು ಬಯಕೆಗೆ ಆಗದು ಎಂದೂ ಇತ್ತು.

ಇನ್ನು ನೆಂಟರು. ಪರವೂರಿನಿಂದ ಬಂದ ನೆಂಟ ಗಾಳ ಹಿಡಿಯಬೇಕು ಎಂದರೆ ಬಂಡೆ ಅವನದು. ನೆಂಟನ ಬೆನ್ನ ಹಿಂದೆ ಯಾರೂ ನಿಲ್ಲಬಾರದು. ಅವನಾಗಿಯೇ ಏಳುವವರೆಗೆ ಏಳು ಎನ್ನುವ ಹಾಗಿಲ್ಲ. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಬರುತ್ತಿದ್ದ ನೆಂಟರು ಇನ್ನಾರು, ಯಾರದೋ ಅಳಿಯ, ಯಾರದೋ ಭಾವಮೈದುನ. ಅವರ ಊರಲ್ಲೂ ಹೊಳೆಯೋ ಕೆರೆಯೋ ಇದ್ದೇ ಇರುತ್ತಿತ್ತು. ಒಂದು ಮೀನು ಹಿಡಿದು, ನಾಚಿಕೊಂಡು, ಬೇಗ ಎದ್ದುಬಿಡುತ್ತಿದ್ದರು.

ಇಂಥ ಊರಿಗೆ ಮೈಸೂರಿನ ಸಾಹೇಬರು ಬಂದರು.

ಯಾವ ಇಲಾಖೆಯವರೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಅವರ ಜೀಪಿನ ಚಕ್ರ ನಮ್ಮೂರ ಮುಂದೆ ಕೈಕೊಟ್ಟಿತು. ಡ್ರೈವರ್ ಅದನ್ನು ಬಿಚ್ಚುತ್ತಿರುವಾಗ ಸಾಹೇಬರು ಹೊಳೆ ನೋಡಲು ಇಳಿದರು. ಕೈಯಲ್ಲಿ ಮಿರಮಿರ ಮಿಂಚುವ ಗಾಳದ ಕೋಲು, ಅದಕ್ಕೆ ದಾರ ಸುತ್ತುವ ರಾಟೆ. ಮಾವ ಮೊರಬಂಡೆಯ ಮೇಲೆ ಕೂತಿದ್ದವರು ಅವರನ್ನು ಕಂಡದ್ದೇ ಎದ್ದರು. ಬಂಡೆಗೆ ನೀರು ಚೆಲ್ಲಿದರು. ಬನ್ನಿ ಸ್ವಾಮಿ, ಕೂತುಕೊಳ್ಳಿ ಎಂದರು. ತಾವೇ ರಾಗಿ ಉಂಡೆ ಮಾಡಿಕೊಟ್ಟರು. ನಾನು ಮನೆಯಿಂದ ಮಜ್ಜಿಗೆ ಕಳಿಸಿದೆ. ಸಾಹೇಬರಿಗೆ ಮಾರುದ್ದದ ಬಿಳಿಮೀನು ಸಿಕ್ಕಿತು. ಚಿಕ್ಕ ಮಗುವಿನಂತೆ ಕುಣಿದರಂತೆ. ಇನ್ನೊಂದು ಸಲ ಬರಬಹುದೇ ಗೌಡರೇ ಎಂದು ಮಾವನ ಕೈಹಿಡಿದು ಕೇಳಿದರಂತೆ. ಅದಕ್ಕೆ ಮಾವ ನಿಮ್ಮ ಮನೆಯೇ ಎಂದು ತಿಳಿದುಕೊಳ್ಳಿ ಸ್ವಾಮಿ, ಯಾವಾಗ ಬೇಕಾದರೂ ಬನ್ನಿ ಎಂದರು.

ನಮ್ಮ ಕಡೆ ಇದನ್ನು ಯಾರಿಗೆ ಹೇಳುವುದಿಲ್ಲ ಹೇಳಿ. ಬಾಗಿಲಿಗೆ ಬಂದ ಬಳೆಗಾರನಿಗೂ ಹೇಳುತ್ತೇವೆ. ಕೇಳಿದವರು ಕೈಮುಗಿದು ಹೋಗುತ್ತಾರೆ. ಈ ಮನುಷ್ಯ ನಿಜವೆಂದೇ ತಿಳಿದುಕೊಂಡರು.

ಮುಂದಿನ ಭಾನುವಾರ ಸಾಹೇಬರು ಸ್ನೇಹಿತರೊಬ್ಬರನ್ನು ಕರೆದುಕೊಂಡು ಬಂದರು. ಆ ಸ್ನೇಹಿತರು ಅದರ ಮುಂದಿನ ವಾರ ತಮ್ಮ ಮನೆಯವರನ್ನೆಲ್ಲ ಕರೆತಂದರು. ಮೈಸೂರಿನಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಯಿತು: ಕೃಷ್ಣರಾಜನಗರದ ಹತ್ತಿರ ಒಂದು ಮಡು ಉಂಟು, ಜನರೂ ಒಳ್ಳೆಯವರು, ಯಾರೂ ಬೇಡ ಅನ್ನುವುದಿಲ್ಲ. ಒಂದೆರಡು ಬೇಸಿಗೆ ಕಳೆಯುವುದರೊಳಗೆ ಕೊಡಗಿನ ಕಾಫಿ ತೋಟದವರೂ ಪಿರಿಯಾಪಟ್ಟಣ, ಹುಣಸೂರು ಹಾದು ದೊಡ್ಡ ದೊಡ್ಡ ಕಾರುಗಳಲ್ಲಿ ಬರತೊಡಗಿದರು. ಕಾಲೇಜಿನ ಹುಡುಗರು ಬಸ್ಸು ಮಾಡಿಕೊಂಡು ಬಂದರು. ಯಾರೂ ಬೇಡ ಅನ್ನುವುದಿಲ್ಲವಂತೆ! ಬೇಡ ಅನ್ನದೆ ಇರುವುದು ನಮ್ಮ ಮರ್ಯಾದೆ, ಅದು ನಿಮಗೆ ಕೊಟ್ಟ ಹಕ್ಕುಪತ್ರ ಎಂದು ಇವರಿಗೆ ಹೇಳಿದವರು ಯಾರು?

ಭಾನುವಾರ ನಮ್ಮ ಹೊಳೆ ನೋಡಬೇಕಿತ್ತು ನೀವು. ಒಬ್ಬರು ಕೂರುವ ಬಂಡೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಆರೇಳು ಜನ. ಒಬ್ಬರ ದಾರ ಇನ್ನೊಬ್ಬರ ದಾರಕ್ಕೆ ಸಿಕ್ಕಿ, ಇಂಗ್ಲಿಷಿನಲ್ಲಿ ಬೈದಾಟ. ದನ ನೀರಿಗಿಳಿಯುವ ಜಾಡಿನಲ್ಲಿ ಕಾರು ನಿಲ್ಲಿಸಿ ಹೋಗಿಬಿಟ್ಟಿರುತ್ತಿದ್ದರು. ದನ ಬಿಸಿಲಲ್ಲಿ ನಿಂತು ಬಾಯಿ ಬಿಡುತ್ತಿತ್ತು. ನಾವು ಹೆಂಗಸರು ಬಟ್ಟೆ ಒಗೆದು ಮೀಯುವ ಸೋಪಾನದಲ್ಲಿ ಗಂಡಸರು ಪಂಚೆ ಬಿಚ್ಚಿ ಈಜುತ್ತಿದ್ದರು. ಗ್ರಾಮಫೋನು ಹಾಡುತ್ತಿತ್ತು. ಸಂಜೆ ಅವರು ಹೋದ ಮೇಲೆ ನೋಡಿದರೆ ಎಂಜಲೆಲೆ, ಮೂಳೆ, ಒಡೆದ ಸೋಡಾ ಬಾಟಲಿ. ಗಾಜು ಚುಚ್ಚಿ ನಮ್ಮ ಎತ್ತೊಂದು ಬಿತ್ತನೆ ಕಾಲದಲ್ಲಿ ಕುಂಟಿತು. ಎಂಜಲೆಲೆ ಬಾಚಿ ಬಾಚಿ ನನ್ನ ಸೊಂಟ ಬಿದ್ದುಹೋಯಿತು. ಅವರ ಎಂಜಲು ಬಾಚಲು ನಮ್ಮಪ್ಪ ನನ್ನನ್ನು ಆ ಊರಿಗೆ ಕೊಟ್ಟಿದ್ದನೇ?

ಇದನ್ನೆಲ್ಲ ಬೇಕಾದರೆ ಮರೆಯುತ್ತೇನೆ. ಮೀನನ್ನು ಮಾತ್ರ ಮರೆಯಲಾರೆ. ಹಿಡಿದ ಮೀನನ್ನು ಅವರು ಬಂಡೆಯ ಮೇಲೆ ಸಾಲಾಗಿ ಮಲಗಿಸಿ, ಅಳೆದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಷ್ಟು ಮೀನು ತಿನ್ನುವವರು ಯಾರು? ಬಿಸಿಲಿಗೆ ಕೆಟ್ಟ ಮೀನನ್ನು ಹೊಳೆಗೇ ಎಸೆದು ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಬಿಂದಿಗೆ ಹಿಡಿದು ಹೋದರೆ ಹೊಟ್ಟೆ ಮೇಲಾಗಿ ತೇಲುತ್ತಿರುವ ಬಿಳಿಮೀನು ನೋಡಬೇಕು. ಮನೆಗೊಂದು ಎಂದು ಊರಿಗೆಲ್ಲ ಸಾರಾಗುತ್ತಿದ್ದ ಮೀನು.

ಊರಿನವರು ಮಾವನನ್ನು ಹಿಡಿದುಕೊಂಡರು. ಕೂರಿಸಿದವರೇ ಎಬ್ಬಿಸಲಿ ಎಂದರು. ನ್ಯಾಯವಾದ ಮಾತೇ. ಆದರೆ ಮಾವ ಆ ಕೆಲಸ ಮಾಡಲಾರರು. ನಾನೇ ಒಮ್ಮೆ ಮುದ್ದೆ ಬಡಿಸುತ್ತಾ ಹೇಳಿ ನೋಡಿದೆ, ಸಾಹೇಬರಿಗೆ ಒಂದು ಮಾತು ತಿಳಿಸಬಾರದೇ ಎಂದು. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು.

‘ಬಂದ ನೆಂಟ್ರಿಗೆ ಏಳಿ ಅಂತ ಎಂಗವ್ವ ಅನ್ನಾದು? ನಂಗೆ ನಾಲ್ಗೆ ತಿರುಗಾಕಿಲ್ಲ ಕಣವ್ವ. ಇವತ್ತಲ್ಲ ನಾಳೀಕೆ ಅವ್ರೇ ಎದ್ದೋಯ್ತರೆ.’

ಅವರೇ ಎದ್ದು ಹೋಗುತ್ತಾರಂತೆ. ನನ್ನ ಮಾವನಂಥ ಮನುಷ್ಯರು ಈ ಭೂಮಿಯ ಮೇಲೆ ಇರಬಾರದು, ಇದ್ದರೂ ಹೊಳೆಯ ದಂಡೆಯಲ್ಲಂತೂ ಇರಬಾರದು ಎಂದು ಅವತ್ತು ನನಗೆ ಅನ್ನಿಸಿತು.

ಹೀಗಿರುವಾಗ ನನ್ನ ನಾದಿನಿ, ಮಾವನ ಒಬ್ಬಳೇ ಮಗಳು, ಬಸುರಿಯಾಗಿ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಗೆ. ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಿರಲಿಲ್ಲ. ಅತ್ತೆಮನೆಯಲ್ಲಿ ಆಡಬಾರದ ಮಾತುಗಳನ್ನೆಲ್ಲ ಆಡಿಸಿಕೊಂಡಿದ್ದಳು. ಈಗ ಏಳು ತಿಂಗಳ ಹೊಟ್ಟೆ ಹೊತ್ತು ಬಂಡಿಯಿಂದ ಇಳಿದಾಗ ಮಾವ ಮುಖ ಆ ಕಡೆ ತಿರುಗಿಸಿಕೊಂಡು ಎತ್ತಿನ ನೊಗ ಬಿಚ್ಚುವುದರಲ್ಲೇ ಇದ್ದರು. ಅವಳಿಗೆ ಏನು ಮಾಡಿಹಾಕಿದರೂ ಸೇರುತ್ತಿರಲಿಲ್ಲ. ಏನು ಬೇಕು ಎಂದರೆ ಏನೂ ಬೇಡ ಎನ್ನುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ನನ್ನ ಹತ್ತಿರ ಮೆಲ್ಲಗೆ ಬಾಯಿಬಿಟ್ಟಳು.

‘ಅತ್ಗೆ, ಮಡುವಿನ್ ಬಿಳಿಮೀನ್ ಸಾರು ವಸಿ ಉಣ್ಬೇಕು ಅನ್ಸದೆ. ಅಪ್ಪಂಗೆ ಹೇಳ್ಬ್ಯಾಡಿ, ಆ ಜನದ ಮಧ್ಯೆ ಓಗಿ ನಿಂತ್ಕತರೆ.’

ನಾನು ಹೇಳದೆ ಇರುತ್ತೇನೆಯೇ? ಅವತ್ತೇ ಹೇಳಿದೆ. ಮಾವ ಆಗಲೇ ಗಾಳದ ಕೋಲು ಸೂರಿನಿಂದ ಇಳಿಸಿದರು.

ಆಗ ನಡುಬೇಸಿಗೆ, ಶಾಲೆ ಕಾಲೇಜಿಗೆಲ್ಲ ರಜೆ. ಭಾನುವಾರ ಮಾತ್ರ ಬರುತ್ತಿದ್ದ ಜನ ಈಗ ದಂಡೆಯ ಮೇಲೆ ಡೇರೆ ಹೊಡೆದು ವಾರಗಟ್ಟಲೆ ಇರುತ್ತಿದ್ದರು. ಮಾವ ಹೋದರು, ಬಂಡೆಯ ಮೇಲೆ ಜನ ಇದ್ದರು, ವಾಪಸು ಬಂದರು. ಮರುದಿನ ಮುಂಜಾನೆ ಹೋದರೆ ಆಗಲೂ ಇದ್ದರು. ಒಂದು ದಿನ ನಸುಕಿನಲ್ಲೇ ಹೋಗಿ ಕೂತು ಒಂದು ಗಳಿಗೆ ಗಾಳ ಬಿಟ್ಟದ್ದೂ ಉಂಟು. ಡೇರೆಯಿಂದ ಎದ್ದು ಬಂದವರೊಬ್ಬರು ಗುಡ್ ಮಾರ್ನಿಂಗ್ ಎಂದರಂತೆ, ಇವರು ಎದ್ದು ಜಾಗ ಬಿಟ್ಟು ಬಂದರಂತೆ. ನೆಂಟರಲ್ಲವೇ! ಬಂಡೆ ಬಿಟ್ಟು ಬೇರೆ ಕಡೆ ಗಾಳ ಹಾಕಿದರೆ ಬೆರಳುದ್ದದ ಮೀನೂ ಬರಲಿಲ್ಲ. ನನ್ನ ಗಂಡ ಕೃಷ್ಣರಾಜನಗರದ ಸಂತೆಯಿಂದ ಕೆರೆ ಮೀನು ತಂದರು. ಸಾರು ಮಾಡಿ ಕೊಟ್ಟೆ. ನಾದಿನಿ ಒಂದು ಗುಟುಕು ಕುಡಿದು ಹಿತ್ತಿಲಿಗೆ ಓಡಿದಳು. ಅವಳ ತಟ್ಟೆಯನ್ನು ಮಾವ ನೋಡಿದರು.

ಮುಂದಿನ ಭಾನುವಾರ ಅವರು ಕೋಲು ತೆಗೆದುಕೊಂಡು ಹೊರಟಾಗ ನಾನೂ ಹಿಂದೆ ಹೊರಟೆ. ರಾಗಿ ಹಿಟ್ಟಿನ ಬಟ್ಟಲು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ ಎಂದೆ. ಬೇಕಾಗಿರಲಿಲ್ಲ. ಇವತ್ತಾದರೂ ಬಾಯಿಬಿಡುತ್ತಾರೋ ನೋಡೋಣ ಎಂದು ಹೋದೆ.

ಮೊರಬಂಡೆಯ ತುದಿಯಲ್ಲಿ ಅವತ್ತು ಸಾಹೇಬರೇ ಕೂತಿದ್ದರು. ಸುತ್ತ ಅವರ ಸ್ನೇಹಿತರು. ದಂಡೆಯ ಮೇಲೆ ಜಮಖಾನ ಹಾಸಿಕೊಂಡು ಹೆಂಗಸರು, ಮಕ್ಕಳು. ಮಾವ ಹೋಗಿ ಸಾಹೇಬರ ಬೆನ್ನ ಹಿಂದೆ ನಿಂತರು. ನೀವು ಓದುವಾಗ ಇದೇನು ಮಹಾ ಎನ್ನಿಸಬಹುದು. ನೆಂಟನ ಬೆನ್ನ ಹಿಂದೆ ಆ ಊರಿನ ಮನುಷ್ಯ ನಿಂತದ್ದು ಅದೇ ಮೊದಲು.

ಸಾಹೇಬರು ತಿರುಗಿ ನೋಡಿ ನಕ್ಕರು. ಓಹೋ ಗೌಡರು, ಬನ್ನಿ ಬನ್ನಿ, ಇವತ್ತು ಮೀನು ಸರಿಯಾಗಿ ಕಚ್ಚುತ್ತಿಲ್ಲ ಎಂದರು. ಮತ್ತೆ ನೀರಿನ ಕಡೆ ತಿರುಗಿದರು. ಮಾವ ನಿಂತೇ ಇದ್ದರು. ಬಿಸಿಲು ಏರಿತು. ನಿಂತವರನ್ನು ಕಂಡು ಸ್ನೇಹಿತರಲ್ಲೊಬ್ಬರು ಒಂದು ಹೂಜಿ ಕೊಟ್ಟು ನೀರು ತರಲು ಹೇಳಿದರು. ಮಾವ ತಂದುಕೊಟ್ಟರು. ತಂದು ಮತ್ತೆ ಅದೇ ಜಾಗದಲ್ಲಿ ನಿಂತರು. ಇನ್ನೊಬ್ಬರು ಬೆಳಿಗ್ಗೆ ಹಿಡಿದಿದ್ದ ಮೀನಿನ ಚೀಲ ಮುಂದಿಟ್ಟು, ನಿಮಗಾದರೆ ಅಭ್ಯಾಸ ಇರುತ್ತದೆ, ಸ್ವಲ್ಪ ಹುರುಪೆ ತೆಗೆದುಕೊಡಿ ಎಂದರು. ಮಾವ ಪಂಚೆ ಮೇಲೆ ಕಟ್ಟಿ ಕೂತು, ಮಗಳ ಬಾಯಿಗೆ ಹೋಗಬೇಕಾಗಿದ್ದ ಮೀನಿನ ಹುರುಪೆಯನ್ನು ಅವರಿಗಾಗಿ ತೆಗೆಯತೊಡಗಿದರು.

ನನಗೆ ತಲೆ ಕೆಟ್ಟುಹೋಯಿತು. ಸೊಸೆಯಾದವಳು ಮಾವನ ಎದುರಿಗೆ ಗಂಡಸರ ಜೊತೆ ದನಿ ಎತ್ತಿ ಮಾತಾಡಬಾರದು, ತಲೆಯ ಮೇಲಿನ ಸೆರಗು ಜಾರಬಾರದು. ಸೆರಗು ಎಲ್ಲಿತ್ತೋ ನನಗೆ ಗೊತ್ತಿಲ್ಲ. ಬಟ್ಟಲನ್ನು ಬಂಡೆಯ ಮೇಲೆ ಕುಕ್ಕಿದೆ.

‘ಏಳ್ರೀ ಮೇಲಕ್ಕೆ. ನಮ್ಮನೇಲಿ ಬಸುರಿ ಅವ್ಳೆ. ಅವ್ಳ ಸಾರಿಗೆ ಒಂದ್ ಮೀನು ಹಿಡಿಬೇಕು ಅಂತ ನಮ್ಮಾವ ಬೆಳಗಿಂದ ನಿಮ್ ಬೆನ್ನಿಂದೆ ನಿಂತವ್ರೆ. ಕಣ್ ಕಾಣಾಕಿಲ್ವ ನಿಮ್ಗೆ?’

ಗ್ರಾಮಫೋನು ಮಾತ್ರ ಹಾಡುತ್ತಿತ್ತು. ಯಾರೋ ಅದನ್ನೂ ನಿಲ್ಲಿಸಿದರು. ಸಾಹೇಬರು ಆ ಕ್ಷಣವೇ ಎದ್ದರು. ಎದ್ದು ಅವರು ಆಡಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

‘ಅಯ್ಯೋ, ಹೇಳಬಾರದಿತ್ತೇನ್ರೀ ಗೌಡ್ರೇ? ಒಂದು ಮಾತು ಹೇಳಿದ್ದಿದ್ರೆ ಯಾವತ್ತೋ ಎದ್ದುಬಿಡ್ತಿದ್ವಲ್ಲ!’

ಹೇಳಬೇಕಂತೆ. ಇಷ್ಟು ವರ್ಷ ಒಂದು ಊರು ಬಾಯಿ ಕಟ್ಟಿಕೊಂಡು ಹಿಂದೆ ಸರಿದು ನಿಂತದ್ದು, ದನ ಬಿಸಿಲಲ್ಲಿ ಒಣಗಿದ್ದು, ನಾವು ಎಂಜಲು ಬಾಚಿದ್ದು, ಎಲ್ಲ ಕಣ್ಣೆದುರಿಗೇ ಇತ್ತು. ಆದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗಿತ್ತಂತೆ. ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಿ ಕೈತೊಳೆದುಕೊಳ್ಳುತ್ತಿದ್ದೆವು. ಸಾಹೇಬರು ಒಳ್ಳೆಯವರೇ, ಅದನ್ನು ನಾನು ಒಪ್ಪುತ್ತೇನೆ. ಒಳ್ಳೆಯತನ ಇದ್ದೂ ಸುತ್ತ ಏನಾಗುತ್ತಿದೆ ಎಂದು ಕತ್ತು ತಿರುಗಿಸಿ ನೋಡದಿರುವವರನ್ನು ಏನು ಮಾಡುವುದು?

ಮಾವನಿಗೆ ನನ್ನ ಮಾತಿನಿಂದ ಆದ ಅವಮಾನ ಅಷ್ಟಿಷ್ಟಲ್ಲ. ಕೈಗಂಟಿದ್ದ ಹುರುಪೆ ಒರಸಿಕೊಳ್ಳುತ್ತಾ, ಚಿಕ್ಕವಳು ಸ್ವಾಮಿ, ತಿಳಿಯದೆ ಅಂದಳು, ತಪ್ಪು ತಿಳಿಯಬೇಡಿ ಎಂದು ಸಾಹೇಬರಲ್ಲಿ ಕ್ಷಮೆ ಕೇಳಿದರು. ಆಮೇಲೆ ಬಂಡೆಗೆ ನೀರು ಚೆಲ್ಲಿ, ತೊಳೆದು, ತಮ್ಮ ಹಳೆಯ ಬಿದಿರು ಕೋಲು ಹಿಡಿದು ತುದಿಯಲ್ಲಿ ಕೂತರು. ರಾಗಿ ಉಂಡೆ ನಾನೇ ಸಿಕ್ಕಿಸಿಕೊಟ್ಟೆ.

ಮೀನು ಬರಲಿಲ್ಲ.

ಬರುವುದಾದರೂ ಎಲ್ಲಿಂದ? ಸಾಹೇಬರೂ ಸ್ನೇಹಿತರೂ ಹಿಂದೆ ಗುಂಪುಗೂಡಿ ನಿಂತು ಸಲಹೆ ಕೊಡುತ್ತಿದ್ದರು: ಸ್ವಲ್ಪ ಎಡಕ್ಕೆ ಬಿಡಿ, ದಾರ ಸಡಿಲ ಬಿಡಿ. ಆ ನೀರಿನಲ್ಲಿ ಹುಟ್ಟಿ ಬೆಳೆದವರಿಗೆ ಇವರ ಸಲಹೆ! ಒಬ್ಬರು ಫೋಟೋ ತೆಗೆದರು. ಮಕ್ಕಳು ಕಲ್ಲು ಎಸೆದವು. ಅದೆಲ್ಲ ಇಲ್ಲದಿದ್ದರೂ ಬರುತ್ತಿರಲಿಲ್ಲ ಎಂದು ಮಾವನಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಉಂಡೆಯನ್ನು ಒಂದು ಚಿಕ್ಕ ಮೀನೂ ಬಂದು ಮುಟ್ಟಲಿಲ್ಲ. ದಾರ ಅಲ್ಲಾಡಲಿಲ್ಲ. ಮಡುವಿನಲ್ಲಿ ಉಳಿದಿದ್ದುದನ್ನೆಲ್ಲ ಬಂಡೆಯ ಮೇಲೆ ಮಲಗಿಸಿ ಅಳೆದು ಆಗಿತ್ತು. ಹೊತ್ತು ಇಳಿಯುವವರೆಗೆ ಅವರು ಹಾಗೇ ಕೂತಿದ್ದರು.

ಜನ ಗಂಟುಮೂಟೆ ಕಟ್ಟುವಾಗ ಸಾಹೇಬರು ತಮ್ಮ ಚೀಲದಿಂದ ಇದ್ದುದರಲ್ಲಿ ದೊಡ್ಡ ಮೀನನ್ನು ತೆಗೆದು ಮಾವನ ಮುಂದೆ ಹಿಡಿದರು. ಮಗಳಿಗೆ ಮಾಡಿಕೊಡಿ ಎಂದರು. ಮಾವ ಬೇಸಾಯದ ಮನುಷ್ಯ, ಕೊಟ್ಟವರೇ ಹೊರತು ಈಸಿಕೊಂಡವರಲ್ಲ. ಕೈಮುಗಿದು, ಈಸಿಕೊಂಡ ಮೀನು ಬಯಕೆಗೆ ಆಗುವುದಿಲ್ಲ ಸ್ವಾಮಿ ಎಂದರು. ಸಾಹೇಬರಿಗೆ ಅರ್ಥವಾಗಲಿಲ್ಲ. ಸಂಕೋಚ ಪಟ್ಟುಕೊಳ್ಳಬೇಡಿ ಎಂದು ಎರಡು ಸಲ ಹೇಳಿ, ಮೀನನ್ನು ಬಂಡೆಯ ಮೇಲಿಟ್ಟು ಜೀಪು ಹತ್ತಿದರು. ಮೀನು ಅಲ್ಲೇ ಇತ್ತು. ನಾವು ಬರಿಗೈಯಲ್ಲಿ ಮನೆಗೆ ಬಂದೆವು. ನಾದಿನಿ ಬಾಗಿಲಲ್ಲೇ ನಿಂತಿದ್ದವಳು ನಮ್ಮ ಕೈ ನೋಡಿ, ನನಗೀಗ ಬೇಕು ಅನ್ನಿಸುತ್ತಿಲ್ಲ ಬಿಡಿ ಎಂದು ಒಳಗೆ ಹೋದಳು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು, ಗುಂಡುಗುಂಡಗೆ. ಮಗುವಿಗೆ ಕೆಲವು ತಿಂಗಳಾದಾಗ ಎಡಗಿವಿ ಸೋರತೊಡಗಿತು. ಮಗುವಿಗೆ ಎರೆಯುವಾಗ ಕಿವಿಗೆ ನೀರು ಹೋಗಿರಬೇಕು ಎಂದರು ಡಾಕ್ಟರು. ಹೋಗಿರಬಹುದು, ಎಷ್ಟೋ ಮಕ್ಕಳಿಗೆ ಸೋರುತ್ತದೆ, ನಿಲ್ಲುತ್ತದೆ. ಮಾವನಿಗೆ ಅದನ್ನು ಹೇಳುವವರು ಯಾರು? ಯಾರು ಹೇಳಿದರೂ ಹೂಂ ಎನ್ನುತ್ತಿದ್ದರು. ಹೂಂ ಎಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹಳೆಯ ಪಂಚೆಯ ಮೆತ್ತನೆ ಅಂಚಿನಿಂದ ಕಿವಿ ಒರಸುತ್ತಿದ್ದರು. ಅವರು ಮತ್ತೆ ಹೊಳೆಗೆ ಹೋಗಲಿಲ್ಲ. ಗಾಳದ ಕೋಲು ಸೂರಿನಲ್ಲೇ ಉಳಿಯಿತು.

ಮುಂದಿನ ಬೇಸಿಗೆಗೆ ಜನ ಕಡಿಮೆಯಾದರು. ಬಂದವರೂ ಬೇಗ ಹೊರಟುಬಿಡುತ್ತಿದ್ದರು. ಆಗ ಒಂದು ದಿನ ಸಾಹೇಬರು ನಮ್ಮ ಮನೆಗೇ ಬಂದರು. ನಾದಿನಿ ಮಗುವನ್ನು ಕರೆದುಕೊಂಡು ಬಂದಿದ್ದಳು. ಮಾವ ಜಗಲಿಯ ಮೇಲೆ ಮಗುವನ್ನು ಆಡಿಸುತ್ತಿದ್ದರು. ಚಾಪೆ ಹಾಸಿ ಕೂರಿಸಿದರು. ನಾನು ಮಜ್ಜಿಗೆ ಕೊಟ್ಟೆ. ಕೊಡಬಾರದಾಗಿತ್ತು, ಆದರೆ ಕೊಟ್ಟೆ. ನಮ್ಮ ಜಾಯಮಾನವೇ ಅಂಥದು.

ಸಾಹೇಬರು ಮಜ್ಜಿಗೆ ಕುಡಿದು, ನಿಟ್ಟುಸಿರು ಬಿಟ್ಟು, ನಿಮ್ಮ ಮಡು ಹಾಳಾಗಿಹೋಯಿತು ಗೌಡರೇ ಎಂದರು. ಯಾರು ಯಾರೋ ಬಂದುಬಿಟ್ಟರಂತೆ. ಕಾಲಿಡಲು ಜಾಗವಿರಲಿಲ್ಲವಂತೆ. ಗಲಾಟೆಯಂತೆ, ಕಸವಂತೆ, ಮೀನೂ ಇಲ್ಲವಂತೆ. ಜನಕ್ಕೆ ಸ್ವಲ್ಪವೂ ತಿಳಿವಳಿಕೆ ಇಲ್ಲ ಎಂದು ತಲೆ ಆಡಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿಹೋಯಿತು, ಅತ್ತ ತಿರುಗಲೂ ಇಲ್ಲ.

ಆಮೇಲೆ ಅವರು ಬಂದ ವಿಷಯಕ್ಕೆ ಬಂದರು. ಹೆಗ್ಗಡದೇವನಕೋಟೆಯ ಕಡೆ ಕಪಿಲೆಯಲ್ಲಿ, ಕಾಡಿನ ಅಂಚಿಗೆ, ಬೀಚನಹಳ್ಳಿಯ ಆಚೆ ಎಲ್ಲೋ ಒಂದು ಆಳವಾದ ಮಡು ಇದೆ ಎಂದು ಅವರಿಗೆ ಯಾರೋ ಹೇಳಿದ್ದರು. ಮಾವನ ತಾಯಿಯ ಊರು ಆ ಸೀಮೆ ಎನ್ನುವುದೂ ಗೊತ್ತಾಗಿತ್ತು. ಮಾವ ಗಾಳ ಹಿಡಿಯುವುದನ್ನು ಕಲಿತದ್ದೇ ಆ ಮಡುವಿನಲ್ಲಿ, ಅವರ ಸೋದರಮಾವಂದಿರ ಪಕ್ಕದಲ್ಲಿ ಕೂತು. ಅಲ್ಲೂ ಒಂದು ಬಂಡೆ, ಅಲ್ಲೂ ಇಂಥದೇ ನಡೆ. ಸಾಹೇಬರು ತಗ್ಗಿದ ದನಿಯಲ್ಲಿ, ಜಾಗ ತೋರಿಸಿಬಿಡಿ ಗೌಡರೇ, ನಾವು ಕೆಲವರೇ ಹೋಗುತ್ತೇವೆ, ಬೇರೆ ಯಾರಿಗೂ ಹೇಳುವುದಿಲ್ಲ, ಜೀಪಿನಲ್ಲಿ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು.

ಈ ಮನುಷ್ಯ ಹುಟ್ಟಿದಾಗಿನಿಂದ ನೆಂಟರಿಗೆ ಇಲ್ಲ ಎಂದವರಲ್ಲ. ಈಗ ಎದ್ದು, ಹೆಗಲಿಗೆ ಟವಲು ಹಾಕಿಕೊಂಡು, ಬನ್ನಿ ಸ್ವಾಮಿ ಎಂದು ಜೀಪು ಹತ್ತಿಬಿಡುತ್ತಾರೆ ಎಂದು ಖಚಿತ ಮಾಡಿಕೊಂಡೆ. ಹತ್ತಿದರೆ ನಾನು ಆ ಜೀಪಿನ ಮುಂದೆ ಅಡ್ಡ ಮಲಗುವವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದೆ.

ಮಾವ ಮಗುವಿನ ಎಡಗಿವಿಯನ್ನು ಪಂಚೆಯ ಅಂಚಿನಿಂದ ಒರಸುತ್ತಿದ್ದರು. ಒರಸಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಮಗುವನ್ನು ನಾದಿನಿಯ ಕೈಗೆ ಕೊಟ್ಟು, ತಾವು ಎದ್ದು ನಿಂತರು.

‘ಅಂಥ ಮಡು ಒಂದದೆ ಸ್ವಾಮಿ. ಸುಳ್ಯಾಕೆ ಹೇಳ್ಲಿ? ನಂಗೆ ದಾರೀನೂ ಗೊತ್ತು. ನಾನ್ ತೋರ್ಸಾಕಿಲ್ಲ.’

ಸಾಹೇಬರು ತಮಾಷೆಯೋ ನಿಜವೋ ತಿಳಿಯದೆ ಕೂತೇ ಇದ್ದರು. ಮಾವ ಚೆಂಬಿನಿಂದ ಕೈಗೆ ನೀರು ಬಗ್ಗಿಸಿಕೊಂಡರು. ಎರಡು ಬೊಗಸೆ ನೀರನ್ನು ಆ ಚಾಪೆಯ ಪಕ್ಕದ ಜಗಲಿ ಕಲ್ಲಿನ ಮೇಲೆ ಚೆಲ್ಲಿ ತೊಳೆದರು.

‘ಏಳಿ ಸ್ವಾಮಿ’ ಎಂದರು.